ದೆವೇಕುತ್

ದೆವೇಕುತ್ ಎಂಬುದು ಯೆಹೂದಿ ಧರ್ಮದಲ್ಲಿ ಮನುಷ್ಯನು ದೇವರಿಗೆ ಅಂಟಿಕೊಂಡಿರುವ ಸ್ಥಿತಿಯನ್ನು, ಅಂದರೆ ದೇವಸಾಮೀಪ್ಯವನ್ನು ಸೂಚಿಸುವ ಹೀಬ್ರೂ ಪರಿಭಾಷೆ. ಊಟ, ಉದ್ಯೋಗ, ಸಂಸಾರ, ಅಧ್ಯಯನ, ರೋಗಿಗಳ ಶುಶ್ರೂಷೆ ಮೊದಲಾದ ದೈನಂದಿನ ವ್ಯವಹಾರಗಳ ನಡುವೆಯೇ ದೇವರ ಸನ್ನಿಧಿಯನ್ನು ಅರಸಬೇಕೆಂಬುದು ಈ ಪರಿಕಲ್ಪನೆಯ ವಿಶೇಷ. ಯೆಹೂದಿ ಸಂಪ್ರದಾಯದಲ್ಲಿ ಸಂನ್ಯಾಸಾಶ್ರಮಕ್ಕೆ ಮಾನ್ಯತೆಯಿಲ್ಲ; ರಬ್ಬಿಗಳು ಕೂಡ ವಿವಾಹಿತ ಗೃಹಸ್ಥರೇ. ಆದ್ದರಿಂದ ದೇವರಿಗೆ ಹತ್ತಿರವಾಗುವ ದಾರಿ ಮನೆಯ ಹೊಸ್ತಿಲು, ಅಡುಗೆಮನೆ ಮತ್ತು ಅಂಗಡಿಯನ್ನು ಹಾದೇ ಸಾಗಬೇಕಾಗುತ್ತದೆ. ಈ ಸಾಮೀಪ್ಯವು ಒಂದು ಅನುಭವವೇ, ಅಥವಾ ಅನುಭವವಾಗಲಿ ಆಗದಿರಲಿ ನಿಷ್ಠೆಯಿಂದ ಮಾಡಬೇಕಾದ ಕರ್ತವ್ಯವೇ ಎಂಬ ಪ್ರಶ್ನೆಯು ಸುಮಾರು ಎರಡು ಸಾವಿರ ವರ್ಷಗಳಿಂದ ಚರ್ಚೆಯಲ್ಲಿದೆ.

ಪದದ ಅರ್ಥ

ಈ ಪದವು 'ಅಂಟು', 'ಹತ್ತಿಕೊಳ್ಳು' ಎಂಬರ್ಥದ ಹೀಬ್ರೂ ಧಾತುವಿನಿಂದ ಬಂದಿದೆ. ಇದೇ ಧಾತುವಿನಿಂದ ಹುಟ್ಟಿದ 'ದೆವೆಕ್' ಎಂಬ ಪದಕ್ಕೆ ಇಂದಿನ ಇಸ್ರೇಲಿನ ಆಡುಮಾತಿನಲ್ಲಿ ಗೋಂದು ಎಂದೇ ಅರ್ಥ. ಹೀಬ್ರೂ ಬೈಬಲಿನಲ್ಲಿ ಈ ಧಾತುವಿನ ಪ್ರಯೋಗ ಮೊದಲು ಕಾಣುವುದು ದೇವರ ವಿಷಯದಲ್ಲಲ್ಲ, ಮನುಷ್ಯಸಂಬಂಧದ ವಿಷಯದಲ್ಲಿ. ಆದಿಕಾಂಡದಲ್ಲಿ ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವುದನ್ನು ಹೇಳುವಾಗಲೂ, ರೂತಳು ಅತ್ತೆ ನೊವೊಮಿಯನ್ನು ಬಿಟ್ಟುಹೋಗಲು ಒಪ್ಪದೆ ಅವಳನ್ನು ಅಂಟಿಕೊಂಡುದನ್ನು ಹೇಳುವಾಗಲೂ ಇದೇ ಕ್ರಿಯಾಪದ ಬಳಕೆಯಾಗಿದೆ. ಧರ್ಮೋಪದೇಶಕಾಂಡದಲ್ಲಿ ಮಾತ್ರ ಇದು ಮತ್ತೆ ಮತ್ತೆ ದೇವರನ್ನು ಕುರಿತ ಆಜ್ಞೆಯಾಗಿ ಬರುತ್ತದೆ.

ಕನ್ನಡದಲ್ಲಿ ಇದಕ್ಕೆ 'ಐಕ್ಯ' ಎಂಬ ಪದ ಥಟ್ಟನೆ ಹೊಳೆಯಬಹುದು. ಆದರೆ ಅದು ಸರಿಯಾದ ಅನುವಾದವಲ್ಲ. ಅಂಟಿಸಿದ ಎರಡು ವಸ್ತುಗಳು ಎರಡಾಗಿಯೇ ಉಳಿಯುತ್ತವೆ. ಬಹುಪಾಲು ಯೆಹೂದಿ ಚಿಂತಕರು ಸೃಷ್ಟಿಕರ್ತ ಮತ್ತು ಸೃಷ್ಟಿಯ ನಡುವಣ ಅಂತರವನ್ನು ಅಳಿಸಲು ಒಪ್ಪುವುದಿಲ್ಲ. ಯೆಹೂದಿ ಅನುಭಾವದ ಆಧುನಿಕ ಅಧ್ಯಯನಕ್ಕೆ ತಳಹದಿ ಹಾಕಿದ ಗೆರ್ಶೊಮ್ ಶೋಲೆಮ್ (1897–1982) ಈ ಅಂತರ ಉಳಿಯುವುದನ್ನೇ ದೆವೇಕುತ್‌ನ ಲಕ್ಷಣವೆಂದು ವಾದಿಸಿದರು. ಅವರ ನಂತರದ ವಿದ್ವಾಂಸ ಮೋಶೆ ಇದೆಲ್ 1988ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇದನ್ನು ಪ್ರಶ್ನಿಸಿ, ಕೆಲವು ಅನುಭಾವಿಗಳು ಪೂರ್ಣ ಐಕ್ಯದ ಭಾಷೆಯನ್ನೇ ಬಳಸಿದ್ದಾರೆಂದು ಉದಾಹರಣೆಗಳೊಡನೆ ತೋರಿಸಿದರು. ಸಾಮಾನ್ಯ ಧರ್ಮನಿಷ್ಠರ ಬದುಕಿನ ಮಟ್ಟಿಗೆ ಶೋಲೆಮ್ ಅವರ ವಿವರಣೆಯೇ ಹೆಚ್ಚು ಹೊಂದುತ್ತದೆ.

ಬೆಂಕಿಗೆ ಅಂಟಿಕೊಳ್ಳುವುದು ಹೇಗೆ?

ತಾಲ್ಮುಡ್ ಈ ಆಜ್ಞೆಯನ್ನು ಒಂದು ನೇರವಾದ ಆಕ್ಷೇಪದೊಂದಿಗೆ ಎದುರುಗೊಳ್ಳುತ್ತದೆ. ಧರ್ಮೋಪದೇಶಕಾಂಡವೇ ದೇವರನ್ನು ದಹಿಸುವ ಅಗ್ನಿಯೆಂದು ವರ್ಣಿಸಿರುವಾಗ, ಅದೇ ಗ್ರಂಥವು ಆತನಿಗೆ ಅಂಟಿಕೊಳ್ಳಿರೆಂದು ಹೇಳುವುದರ ಅರ್ಥವೇನು? ಕೆತುಬೋತ್ ಎಂಬ ಭಾಗದಲ್ಲಿ ಇದಕ್ಕೆ ಸಿಗುವ ಉತ್ತರವು ಓದುಗರನ್ನು ತುಸು ಅಚ್ಚರಿಗೊಳಿಸುತ್ತದೆ: ಮಗಳನ್ನು ವಿದ್ವಾಂಸನಿಗೆ ಮದುವೆ ಮಾಡಿಕೊಡುವುದು, ವಿದ್ವಾಂಸರ ಪರವಾಗಿ ವ್ಯಾಪಾರ ನಡೆಸುವುದು, ತನ್ನ ಆಸ್ತಿಯಿಂದ ಅವರಿಗೆ ಪ್ರಯೋಜನವಾಗುವಂತೆ ಮಾಡುವುದು, ಇವೇ ದೇವರಿಗೆ ಅಂಟಿಕೊಳ್ಳುವ ಬಗೆ. ಧ್ಯಾನದ ಮಾತೇ ಇಲ್ಲಿಲ್ಲ.

ಸೋತಾ ಎಂಬ ಇನ್ನೊಂದು ಭಾಗದಲ್ಲಿ ಮೂರನೆಯ ಶತಮಾನದ ರಬ್ಬಿ ಹಾಮಾ ಬರ್ ಹನಿನಾ ಅವರ ಉಪದೇಶವಿದೆ. ದೇವರ ಹಿಂದೆ ನಡೆಯುವುದೆಂದರೆ ಆತನ ಗುಣಗಳನ್ನು ಅನುಸರಿಸುವುದು ಎಂದು ಅವರು ವಿವರಿಸಿದರು. ದೇವರು ಆದಾಮ ಹವ್ವರಿಗೆ ಉಡುಗೆ ತೊಡಿಸಿದಂತೆ ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡಬೇಕು; ಅಸ್ವಸ್ಥನಾಗಿದ್ದ ಅಬ್ರಹಾಮನನ್ನು ನೋಡಲು ಬಂದಂತೆ ರೋಗಿಗಳನ್ನು ಕಾಣಬೇಕು; ತಂದೆಯನ್ನು ಕಳೆದುಕೊಂಡ ಇಸಾಕನನ್ನು ಸಂತೈಸಿದಂತೆ ದುಃಖಿತರನ್ನು ಸಂತೈಸಬೇಕು; ಮೋಶೆಯನ್ನು ಹೂಳಿದಂತೆ ಸತ್ತವರ ಅಂತ್ಯಕ್ರಿಯೆ ನಡೆಸಬೇಕು. ರೋಗಿಯ ತಲೆಯ ಮೇಲ್ಭಾಗದಲ್ಲಿ ಶೆಖಿನಾ, ಅಂದರೆ ಲೋಕದಲ್ಲಿ ನೆಲಸಿರುವ ದೇವಸಾನ್ನಿಧ್ಯ ಇರುತ್ತದೆಂದೂ, ಆದ್ದರಿಂದ ಭೇಟಿಗೆ ಬಂದವರು ಹಾಸಿಗೆಯ ಮೇಲೆ ಸಲಿಗೆಯಿಂದ ಕುಳಿತುಕೊಳ್ಳಬಾರದೆಂದೂ ತಾಲ್ಮುಡ್ ಹೇಳುತ್ತದೆ. ಬೆಂಕಿಯನ್ನು ನೇರವಾಗಿ ಮುಟ್ಟಲಾಗದವನು ಅದು ಬೆಳಗುವ ಮುಖಗಳ ಬಳಿಗೆ ಹೋಗಬೇಕು ಎಂಬುದು ಈ ಎರಡೂ ಉತ್ತರಗಳ ಹಿಂದಿನ ತರ್ಕ.

ದಿನಚರಿಯಲ್ಲಿ ಬೆರಾಖಾ

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿತು. ಅದುವರೆಗೆ ದೇವರನ್ನು ಸಮೀಪಿಸುವ ಅಧಿಕೃತ ಮಾರ್ಗ ಬಲಿಯರ್ಪಣೆಯಾಗಿತ್ತು. ಬಲಿಗೆ ಹೀಬ್ರೂವಿನಲ್ಲಿರುವ 'ಕೊರ್ಬಾನ್' ಎಂಬ ಪದವೂ 'ಸಮೀಪ' ಎಂಬರ್ಥದ ಧಾತುವಿನಿಂದಲೇ ಬಂದಿದೆ. ದೇವಾಲಯವಿಲ್ಲದ ಜನಾಂಗಕ್ಕೆ ಹತ್ತಿರವಾಗಲು ಇನ್ನೇನು ಉಳಿಯಿತು ಎಂಬುದು ಆಗ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ, ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ರಬ್ಬಿಗಳು ಕಂಡುಕೊಂಡ ಉತ್ತರಗಳಲ್ಲಿ ಒಂದೆಂದರೆ ಮನೆಯ ಊಟದ ಮೇಜನ್ನೇ ಬಲಿಪೀಠವೆಂದು ಭಾವಿಸುವುದು. ರೊಟ್ಟಿಗೆ ಉಪ್ಪು ಹಚ್ಚಿ ತಿನ್ನುವ ಪದ್ಧತಿಯನ್ನು ಬಲಿಗಳಿಗೆ ಉಪ್ಪು ಹಾಕುತ್ತಿದ್ದುದರ ನೆನಪಿನೊಂದಿಗೆ ಇಂದಿಗೂ ಜೋಡಿಸಲಾಗುತ್ತದೆ.

ಈ ವ್ಯವಸ್ಥೆಯ ಮೂಲ ಘಟಕವೇ ಬೆರಾಖಾ, ಅಂದರೆ ದೇವರನ್ನು ಎರಡನೆಯ ಪುರುಷದಲ್ಲಿ ಸಂಬೋಧಿಸಿ ಸ್ತುತಿಸುವ ಒಂದು ಕಿರುವಾಕ್ಯ. ಲೋಕದ ಯಾವುದೇ ಸುಖವನ್ನು ಬೆರಾಖಾ ಹೇಳದೆ ಅನುಭವಿಸುವುದು ದೇವರ ಸೊತ್ತನ್ನು ಅಪಹರಿಸಿದಂತೆ ಎಂಬುದು ತಾಲ್ಮುಡ್‌ನ ನಿಲುವು. ವಾಕ್ಯ ಚಿಕ್ಕದಾದರೂ ಅದನ್ನು ಹೇಳಲು ಎದುರಿಗಿರುವ ವಸ್ತುವನ್ನು ಗಮನಿಸಿ ನೋಡಬೇಕಾಗುತ್ತದೆ. ಮರದ ಹಣ್ಣಿಗೆ ಒಂದು ಬೆರಾಖಾ, ನೆಲದ ಬೆಳೆಗೆ ಇನ್ನೊಂದು, ದ್ರಾಕ್ಷಾರಸಕ್ಕೆ ಮತ್ತೊಂದು, ರೊಟ್ಟಿಗೆ ಬೇರೆಯೇ ಒಂದು, ನೀರು ಹಾಲು ಮೊಟ್ಟೆಗಳಿಗೆ ಮಗದೊಂದು. ಬಾಳೆಯ ಗಿಡವು ಗೊನೆ ಬಿಟ್ಟ ಮೇಲೆ ಉಳಿಯುವುದಿಲ್ಲವಾದ್ದರಿಂದ ಬಾಳೆಹಣ್ಣು ಮರದ ಹಣ್ಣಿನ ಸಾಲಿಗೆ ಸೇರದೆ ನೆಲದ ಬೆಳೆಯ ಬೆರಾಖಾವನ್ನು ಪಡೆಯುತ್ತದೆ. ಬೇಯಿಸಿದ ಅನ್ನಕ್ಕೆ ಊಟಕ್ಕೆ ಮೊದಲು ಧಾನ್ಯದ ತಿನಿಸುಗಳ ಬೆರಾಖಾ ಹೇಳಿದರೂ, ಊಟದ ನಂತರ ಧಾನ್ಯಗಳಿಗೆ ಸಲ್ಲುವ ದೀರ್ಘ ಸ್ತುತಿಯ ಬದಲು ಸಾಮಾನ್ಯವಾದ ಚಿಕ್ಕ ಸ್ತುತಿ ಸಾಕೆಂಬ ನಿಯಮವಿದೆ. ಹೊರಗಿನವರಿಗೆ ಇಂಥ ವಿಂಗಡಣೆ ಕೂದಲು ಸೀಳುವಂತೆ ಕಾಣುವುದು ಸಹಜ. ಆದರೆ ತಿನ್ನುವ ಮೊದಲು ಅರೆಕ್ಷಣ ನಿಂತು ಕೈಯಲ್ಲಿರುವುದು ಏನು, ಅದು ಎಲ್ಲಿಂದ ಬಂದಿತು ಎಂದು ಯೋಚಿಸುವಂತೆ ಮಾಡುವುದೇ ಇದರ ಕಾರ್ಯವಿಧಾನ.

ಎರಡನೆಯ ಶತಮಾನದ ರಬ್ಬಿ ಮೇಯಿರ್ ಅವರ ಹೆಸರಿನಲ್ಲಿ ಉಳಿದುಬಂದಿರುವ ಉಪದೇಶದಂತೆ ಪ್ರತಿಯೊಬ್ಬನೂ ದಿನಕ್ಕೆ 100 ಬೆರಾಖಾಗಳನ್ನು ಹೇಳಬೇಕು. ಲೆಕ್ಕ ಅಷ್ಟೇನೂ ಕಷ್ಟವಲ್ಲ: ಅಮೀದಾ ಎಂಬ ನಿಂತು ಮಾಡುವ ಪ್ರಾರ್ಥನೆಯಲ್ಲಿ 19 ಬೆರಾಖಾಗಳಿದ್ದು, ವಾರದ ದಿನಗಳಲ್ಲಿ ಮೂರು ಹೊತ್ತು ಹೇಳಿದರೆ 57 ಆಗುತ್ತವೆ, ಮುಂಜಾನೆಯ ಸ್ತುತಿಗಳು, ಶೆಮಾ ಪಠಣದ ಹಿಂದುಮುಂದಿನವು, ಊಟದವು ಸೇರಿ ಉಳಿದುದನ್ನು ತುಂಬುತ್ತವೆ. ಸಬ್ಬತ್ ದಿನ ಅಮೀದಾದಲ್ಲಿ ಏಳೇ ಬೆರಾಖಾಗಳಿರುವುದರಿಂದ ಸಂಖ್ಯೆ ಕಡಿಮೆ ಬೀಳುತ್ತದೆ. ಆ ಕೊರತೆಯನ್ನು ಹೆಚ್ಚು ಹಣ್ಣು ತಿಂದು, ಸುಗಂಧದ್ರವ್ಯಗಳನ್ನು ಆಘ್ರಾಣಿಸಿ ತುಂಬಿಕೊಳ್ಳಬೇಕೆಂದು ಶಾಸ್ತ್ರಕಾರರು ಸೂಚಿಸುತ್ತಾರೆ.

ದಿನವು ಎಚ್ಚರವಾದ ಕೂಡಲೇ 'ಮೊದೆ ಆನಿ' ಎಂಬ ಒಂದು ವಾಕ್ಯದಿಂದ ಆರಂಭವಾಗುತ್ತದೆ. ನಿದ್ರೆಯ ಕಾಲದಲ್ಲಿ ಒಪ್ಪಿಸಿದ್ದ ಪ್ರಾಣವನ್ನು ಮರಳಿ ಕೊಟ್ಟುದಕ್ಕಾಗಿ ಕೃತಜ್ಞತೆ ಹೇಳುವ ಈ ವಾಕ್ಯವು 1599ರಲ್ಲಿ ಮುದ್ರಿತವಾದ, ಸಫೇದ್ ನಗರದ ಮೋಶೆ ಬೆನ್ ಮಾಖಿರ್ ಅವರ ಕೃತಿಯಲ್ಲಿ ಕಾಣಿಸಿಕೊಂಡಿತು. ಇದರಲ್ಲಿ ದೇವರ ಪವಿತ್ರನಾಮ ಬರುವುದಿಲ್ಲ. ಹಾಗಾಗಿ ಇನ್ನೂ ಕೈ ತೊಳೆಯದೆ ಹಾಸಿಗೆಯಲ್ಲಿರುವಾಗಲೇ ಹೇಳಬಹುದು. ಶೌಚಾಲಯದಿಂದ ಬಂದು ಕೈ ತೊಳೆದ ಮೇಲೆ ಹೇಳುವ 'ಆಶೆರ್ ಯತ್ಸರ್' ಇನ್ನೂ ಗಮನಾರ್ಹವಾದುದು. ನಾಲ್ಕನೆಯ ಶತಮಾನದ ಬಾಬಿಲೋನಿಯದ ಪಂಡಿತ ಅಬ್ಬಾಯೆ ಅವರ ಹೆಸರಿನಲ್ಲಿ ತಾಲ್ಮುಡ್‌ನಲ್ಲಿರುವ ಈ ಬೆರಾಖಾವು ಶರೀರದ ರಂಧ್ರಗಳು ಹಾಗೂ ಪೊಳ್ಳುಭಾಗಗಳು ಸರಿಯಾಗಿ ತೆರೆದು ಮುಚ್ಚಿಕೊಳ್ಳುವುದಕ್ಕಾಗಿ ದೇವರನ್ನು ಸ್ತುತಿಸುತ್ತದೆ. ಆರೋಗ್ಯವಂತರು ಇದನ್ನು ಗೊಣಗಿ ಮುಗಿಸುವುದುಂಟು. ಶಸ್ತ್ರಚಿಕಿತ್ಸೆಯಾದವರಿಗೆ, ಮೂತ್ರಪಿಂಡದ ರೋಗಿಗಳಿಗೆ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ. ಮಿಂಚು, ಗುಡುಗು, ಕಾಮನಬಿಲ್ಲು, ಸಮುದ್ರದರ್ಶನ, ವಸಂತದಲ್ಲಿ ಹೂಬಿಟ್ಟ ಹಣ್ಣಿನ ಮರ ಇವೆಲ್ಲಕ್ಕೂ ಬೆರಾಖಾಗಳಿವೆ. ಸಾವಿನ ಸುದ್ದಿ ಕೇಳಿದಾಗಲೂ ಒಂದಿದೆ. ಒಳಿತಿಗೆ ಸ್ತುತಿಸುವಂತೆಯೇ ಕೆಡುಕಿಗೂ ಸ್ತುತಿಸಬೇಕೆಂಬ ಮಿಶ್ನಾದ ಈ ನಿಯಮವು ಬಹುಶಃ ಇಡೀ ವ್ಯವಸ್ಥೆಯಲ್ಲೇ ಪಾಲಿಸಲು ಅತ್ಯಂತ ಕಠಿಣವಾದುದು.

ದುಡಿಮೆ ಮತ್ತು ಶೋಕ

ಸಾಮೀಪ್ಯದ ಹಂಬಲವು ಇತರರ ಹಕ್ಕನ್ನು ತುಳಿಯಬಾರದೆಂಬ ಎಚ್ಚರ ಹಳೆಯ ಗ್ರಂಥಗಳಲ್ಲಿಯೇ ಇದೆ. ಕೂಲಿಗಾರರು ಶೆಮಾ ಪಠಿಸುವ ಹೊತ್ತು ಬಂದರೆ ಕೆಳಗಿಳಿಯದೆ ಮರದ ಮೇಲೆ ಅಥವಾ ಕಟ್ಟುತ್ತಿರುವ ಗೋಡೆಯ ಮೇಲೆಯೇ ಪಠಿಸಬಹುದೆಂದು ಮಿಶ್ನಾ ಅನುಮತಿಸುತ್ತದೆ. ದಿನಗೂಲಿಯವರು ಊಟದ ನಂತರದ ದೀರ್ಘ ಸ್ತುತಿಯನ್ನು ಮೊಟಕುಗೊಳಿಸಬೇಕೆಂದು ತಾಲ್ಮುಡ್ ಹೇಳುತ್ತದೆ. ಅವರ ಸಮಯ ಧಣಿಗೆ ಸೇರಿದ್ದು. ಅದನ್ನು ಕದ್ದು ದೇವರಿಗೆ ಅರ್ಪಿಸುವಂತಿಲ್ಲ. ಅದೇ ರೀತಿ ಸತ್ತ ಆಪ್ತರ ಶವ ಇನ್ನೂ ಸಂಸ್ಕಾರವಾಗದೆ ಎದುರಿಗಿರುವಾಗ ಆ ವ್ಯಕ್ತಿಗೆ ಶೆಮಾ ಮತ್ತು ಪ್ರಾರ್ಥನೆಗಳಿಂದ ವಿನಾಯಿತಿ ಇದೆ. ಆ ಗಳಿಗೆಯಲ್ಲಿ ದೇವರು ಕಾಯುತ್ತಾನೆ, ಹೆಣ ಕಾಯಲಾರದು.

ಮಧ್ಯಯುಗದ ಚಿಂತಕರು

ಮಧ್ಯಯುಗದಲ್ಲಿ ಒತ್ತು ಕ್ರಿಯೆಯಿಂದ ಮನಸ್ಸಿನ ಕಡೆಗೆ ಸರಿಯಿತು. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನ ಸರಗೋಸಾದಲ್ಲಿದ್ದ ಬಹ್ಯಾ ಇಬ್ನ್ ಪಕೂದಾ ಅವರು ಯೆಹೂದಿ ಅರೇಬಿಕ್‌ನಲ್ಲಿ 'ಹೃದಯದ ಕರ್ತವ್ಯಗಳು' ಎಂಬ ಕೃತಿ ರಚಿಸಿ, ಪಂಡಿತರು ಅವಯವಗಳ ಕರ್ತವ್ಯಗಳನ್ನು ಮಾತ್ರ ಚರ್ಚಿಸಿ ಅಂತರಂಗದ ಕರ್ತವ್ಯಗಳನ್ನು ಕಡೆಗಣಿಸಿದ್ದಾರೆಂದು ದೂರಿದರು. ಮೈಮೊನಿಡೀಸ್ (1138–1204) ತಮ್ಮ 'ದಿಗ್ಭ್ರಾಂತರಿಗೆ ಮಾರ್ಗದರ್ಶಿ' ಕೃತಿಯ ಕೊನೆಯ ಭಾಗದಲ್ಲಿ ಒಂದು ಅಭ್ಯಾಸಕ್ರಮವನ್ನೇ ಸೂಚಿಸುತ್ತಾರೆ. ಶೆಮಾ ಹೇಳುವಾಗ ಬೇರೇನನ್ನೂ ಯೋಚಿಸದಿರುವುದು ಮೊದಲ ಹೆಜ್ಜೆ. ಸಂಸಾರದ ಲೆಕ್ಕಾಚಾರಗಳಿಗೆ ಊಟ ಸ್ನಾನಗಳ ಹೊತ್ತನ್ನು ಬಿಟ್ಟುಕೊಟ್ಟು, ಏಕಾಂತದಲ್ಲಿ ಹಾಸಿಗೆಯ ಮೇಲೆ ಎಚ್ಚರವಾಗಿರುವ ಅಮೂಲ್ಯ ಗಳಿಗೆಗಳನ್ನು ದೇವರಿಗಾಗಿ ಮೀಸಲಿಡಬೇಕು. ಹಗಲಿಡೀ ವೈದ್ಯವೃತ್ತಿಯಲ್ಲಿ ದಣಿಯುತ್ತಿದ್ದ ವ್ಯಕ್ತಿಯ ಸಲಹೆ ಇದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮೂಲಪಿತೃಗಳೂ ಮೋಶೆಯೂ ಕುರಿ ಕಾಯುತ್ತ, ವ್ಯವಹಾರ ಮಾಡುತ್ತ ಇದ್ದಾಗಲೂ ಮನಸ್ಸಿನಲ್ಲಿ ದೇವರೊಂದಿಗಿದ್ದರೆಂದು ಅವರು ಬರೆಯುತ್ತಾರೆ, ಆದರೆ ಅಂಥ ಸ್ಥಿತಿಗೆ ಇತರರನ್ನು ಕೊಂಡೊಯ್ಯಲು ತಮ್ಮಿಂದಾಗದೆಂದೂ ಒಪ್ಪಿಕೊಳ್ಳುತ್ತಾರೆ. ನಹ್ಮನಿಡೀಸ್ (1194–1270) ತೋರಾ ಭಾಷ್ಯದಲ್ಲಿ, ಜನರೊಡನೆ ಮಾತನಾಡುತ್ತಿರುವಾಗಲೂ ಹೃದಯವು ದೇವರೆದುರು ಇರಲು ಸಾಧ್ಯವೆಂದು ಸೂಚಿಸಿದರು.

ಹದಿನಾರನೆಯ ಶತಮಾನದಲ್ಲಿ ಗಲಿಲಾಯದ ಸಫೇದ್ ನಗರವು ಕಬ್ಬಾಲಾ ಎಂಬ ಅನುಭಾವ ಪರಂಪರೆಯ ಕೇಂದ್ರವಾಯಿತು. ಯೆಹೂದಿ ಧರ್ಮಶಾಸ್ತ್ರದ ಪ್ರಮಾಣಗ್ರಂಥವಾದ 'ಶುಲ್ಖಾನ್ ಆರೂಖ್' ಬರೆದ ಯೋಸೆಫ್ ಕಾರೊ (1488–1575) ಅಲ್ಲಿಯೇ ಇದ್ದರು. ಈ ಗ್ರಂಥದ ಹೆಸರಿಗೆ 'ಸಿದ್ಧಪಡಿಸಿದ ಮೇಜು' ಎಂದು ಅರ್ಥ. ಇದಕ್ಕೆ ಪೋಲೆಂಡಿನ ಮೋಶೆ ಇಸ್ಸೆರ್ಲಿಸ್ ಬರೆದ ಟಿಪ್ಪಣಿಗಳು, ದೇವರನ್ನು ಸದಾ ತನ್ನೆದುರಿಗೆ ಇರಿಸಿಕೊಳ್ಳುವ ಕೀರ್ತನೆಗಾರನ ಸಂಕಲ್ಪವನ್ನು ನೆನಪಿಸುವುದರಿಂದಲೇ ಆರಂಭವಾಗುತ್ತವೆ. ಅದೇ ನಗರದಲ್ಲಿ ಇಸಾಕ್ ಲೂರಿಯಾ (1534–1572), ಸೃಷ್ಟಿಯ ಆದಿಯಲ್ಲಿ ಒಡೆದುಹೋದ ಪಾತ್ರೆಗಳಿಂದ ಚೆದುರಿದ ದಿವ್ಯ ಕಿಡಿಗಳು ಎಲ್ಲ ವಸ್ತುಗಳಲ್ಲಿಯೂ ಅಡಗಿವೆಯೆಂದು ಬೋಧಿಸಿದರು. ಹಾಗಾದರೆ ಒಂದು ತುತ್ತು ಅನ್ನದಲ್ಲಿಯೂ ಬಿಡುಗಡೆಗೆ ಕಾದಿರುವ ಕಿಡಿಯಿದೆ. ಕವ್ವಾನಾ, ಅಂದರೆ ಏಕಾಗ್ರ ಸಂಕಲ್ಪದಿಂದ ಉಂಡವನು ಅದನ್ನು ಮೇಲೆತ್ತುತ್ತಾನೆ.

ಹಸೀದಿ ಪಂಥ

ಇಂದಿನ ಉಕ್ರೇನಿಗೆ ಸೇರಿದ ಮೆಜ್‌ಬಿಷ್‌ನಲ್ಲಿ ನೆಲೆಸಿದ್ದ ಇಸ್ರಾಯೇಲ್ ಬೆನ್ ಎಲಿಯೆಜರ್ (ಸುಮಾರು 1698–1760) ಅವರಿಗೆ ಬಾಲ್ ಶೆಮ್ ತೋವ್ ಎಂಬ ಹೆಸರು ಪ್ರಸಿದ್ಧ. ಅವರ ಸುತ್ತ ಬೆಳೆದ ಹಸೀದಿ ಚಳವಳಿಯು ದೆವೇಕುತ್ ಅನ್ನು ಆಧ್ಯಾತ್ಮಿಕ ಏಣಿಯ ತುದಿಯಿಂದ ಇಳಿಸಿ ಮೊದಲ ಮೆಟ್ಟಿಲಾಗಿ ಇರಿಸಿತೆಂದು ಶೋಲೆಮ್ 1950ರ ಪ್ರಬಂಧವೊಂದರಲ್ಲಿ ವಿಶ್ಲೇಷಿಸಿದ್ದಾರೆ. ಪಂಡಿತರಲ್ಲದವರಿಗೂ, ಗಾಡಿ ಹೊಡೆಯುವವರಿಗೂ, ಬಾಡಿಗೆ ಕಟ್ಟಲಾಗದ ಹೆಂಡದಂಗಡಿಯವರಿಗೂ ದೇವರು ನಿಲುಕುತ್ತಾನೆ ಎಂಬುದು ಈ ಬದಲಾವಣೆಯ ತಿರುಳು. ಊಟ, ಕುಣಿತ, ವ್ಯಾಪಾರ, ದಾಂಪತ್ಯ ಮುಂತಾದ ದೇಹದ ವ್ಯವಹಾರಗಳ ಮೂಲಕವೇ ದೇವರನ್ನು ಸೇವಿಸುವುದಕ್ಕೆ 'ಅವೋದಾ ಬೆಗಶ್ಮಿಯುತ್' ಎಂಬ ಹೆಸರು ಬಂದಿತು. ಪದಗಳಿಲ್ಲದ ನಿಧಾನ ರಾಗಗಳ ಒಂದು ಪ್ರಕಾರಕ್ಕೆ ಹಸೀದಿಗಳು ಇಂದಿಗೂ ದೆವೇಕುತ್‌ನ ಹೆಸರನ್ನೇ ಇಟ್ಟಿದ್ದಾರೆ.

ಬೈಬಲಿನ ಹನೋಕನು ಚಮ್ಮಾರನಾಗಿದ್ದು, ಚರ್ಮಕ್ಕೆ ಹಾಕುವ ಪ್ರತಿ ಹೊಲಿಗೆಯಿಂದಲೂ ಮೇಲಿನ ಲೋಕವನ್ನು ಕೆಳಗಿನ ಲೋಕಕ್ಕೆ ಹೊಲಿಯುತ್ತಿದ್ದನೆಂಬ ಹಳೆಯ ಕಬ್ಬಾಲಾ ಕಥೆಗೆ ಹಸೀದಿ ಬೋಧಕರು ಹೊಸ ಜೀವ ಕೊಟ್ಟರು. ಬರ್ಡಿಚೇವ್‌ನ ಲೇವಿ ಇಸಾಕ್ (1740–1809) ಅವರ ಬಗ್ಗೆ ಪ್ರಚಲಿತವಿರುವ ಕಥೆಯೊಂದರಲ್ಲಿ, ಗಾಡಿಯವನೊಬ್ಬ ಪ್ರಾರ್ಥನೆಯ ಶಾಲು ಹೊದ್ದುಕೊಂಡೇ ಚಕ್ರಗಳಿಗೆ ಎಣ್ಣೆ ಬಳಿಯುತ್ತಿರುವುದನ್ನು ಕಂಡು ಜನರು ಸಿಡಿಮಿಡಿಗೊಳ್ಳುತ್ತಾರೆ. ಲೇವಿ ಇಸಾಕ್ ಮಾತ್ರ, ಚಕ್ರಕ್ಕೆ ಎಣ್ಣೆ ಹಾಕುವಾಗಲೂ ಪ್ರಾರ್ಥಿಸುವ ಜನ ನಿನ್ನವರು ನೋಡು ಎಂದು ದೇವರಿಗೆ ತೋರಿಸುತ್ತಾರೆ. ಬಾಲ್ ಶೆಮ್ ತೋವ್ ಅವರ ಮರಿಮಗನಾದ ಬ್ರೆಸ್ಲೋವ್‌ನ ನಹ್ಮಾನ್ (1772–1810) ದಿನಕ್ಕೊಮ್ಮೆ ಏಕಾಂತಕ್ಕೆ ಹೋಗಿ, ಹೀಬ್ರೂವಿನ ಬದಲು ಮನೆಮಾತಿನಲ್ಲೇ, ಗೆಳೆಯನೊಡನೆ ಮಾತನಾಡುವಂತೆ ದೇವರೊಡನೆ ಮಾತನಾಡಬೇಕೆಂದು ಕಲಿಸಿದರು. ಮಾತು ಹೊರಡದಿದ್ದರೆ ಹೊರಡದು ಎಂಬುದನ್ನೇ ಹೇಳಿಕೊಳ್ಳಬಹುದು.

ಆದರೆ ಈ ಸುಲಭ್ಯಕ್ಕೆ ಮಿತಿಗಳೂ ಇದ್ದವು. ಪ್ರಾರ್ಥನೆಯ ನಡುವೆ ಬರುವ ಚಂಚಲ ಯೋಚನೆಗಳನ್ನು ತಳ್ಳಿಹಾಕದೆ ಮೇಲೆತ್ತಬೇಕೆಂಬ ಆರಂಭಿಕ ಹಸೀದಿ ಬೋಧನೆಯನ್ನು, ಚಬಾದ್ ಶಾಖೆಯ ಸ್ಥಾಪಕ ಲಿಯಾದಿಯ ಶ್ನೆಯೂರ್ ಜಲ್ಮಾನ್ (1745–1812) 'ತಾನ್ಯಾ' ಕೃತಿಯಲ್ಲಿ ಸಾಮಾನ್ಯರಿಗೆ ನಿಷೇಧಿಸಿದರು. ಸ್ವತಃ ಕೆಸರಿನಲ್ಲಿ ನಿಂತವನು ಮೇಲೆತ್ತುವುದೇನನ್ನು ಎಂಬುದು ಅವರ ಆಕ್ಷೇಪದ ಸಾರ. ಕ್ರಮೇಣ ದೇವರಿಗೆ ನೇರವಾಗಿ ಅಂಟಿಕೊಳ್ಳಲಾಗದ ಭಕ್ತನು ತ್ಸದ್ದಿಕ್, ಅಂದರೆ ಸಿದ್ಧಗುರುವಿಗೆ ಅಂಟಿಕೊಳ್ಳಬೇಕೆಂಬ ತತ್ತ್ವ ಬೆಳೆಯಿತು. ಕೆತುಬೋತ್‌ನಲ್ಲಿ ವಿದ್ವಾಂಸನಿಗಿದ್ದ ಸ್ಥಾನ ಈಗ ಗುರುವಿಗೆ ದೊರೆತಿತ್ತು, ಅದರೊಂದಿಗೆ ಗುರುವಿನ ವಂಶಪರಂಪರೆಯ ಅಧಿಕಾರವೂ ಬಂದಿತು.

ವಿರೋಧ

1772ರಲ್ಲಿ ವಿಲ್ನಾದ ಯೆಹೂದಿ ಸಮುದಾಯವು ಅಲ್ಲಿನ ಮಹಾಪಂಡಿತ ಎಲಿಯಾಹು (1720–1797) ಅವರ ಬೆಂಬಲದಿಂದ ಹಸೀದಿಗಳಿಗೆ ಬಹಿಷ್ಕಾರ ಹಾಕಿತು. ಪ್ರಾರ್ಥನೆಯ ನಿಗದಿತ ವೇಳೆಯನ್ನು ಮೀರುವುದು, ಅಧ್ಯಯನವನ್ನು ಕಡೆಗಣಿಸುವುದು ಆರೋಪಗಳಲ್ಲಿ ಸೇರಿದ್ದವು. ವಿರೋಧಕ್ಕೆ ತಾತ್ತ್ವಿಕ ರೂಪ ಕೊಟ್ಟವರು ಎಲಿಯಾಹು ಅವರ ಶಿಷ್ಯ, ವೊಲೊಜಿನ್‌ನ ಹಯ್ಯಿಮ್ (1749–1821). ಅವರ ಮರಣಾನಂತರ 1824ರಲ್ಲಿ ಪ್ರಕಟವಾದ 'ನೆಫೆಶ್ ಹಹಯ್ಯಿಮ್' ಕೃತಿಯಲ್ಲಿ ಒಂದು ಮನಮುಟ್ಟುವ ಉದಾಹರಣೆಯಿದೆ. ಪಸ್ಕದ ರಾತ್ರಿ ಹುಳಿಯಿಲ್ಲದ ರೊಟ್ಟಿ ತಿನ್ನಲು ಮನಸ್ಸನ್ನು ಪರಿಶುದ್ಧಗೊಳಿಸುತ್ತ ಕುಳಿತವನು ಬೆಳಗಾಗುವವರೆಗೆ ತಿನ್ನದೇ ಹೋದರೆ ಅವನ ಪರಿಶುದ್ಧ ಭಾವಕ್ಕೆ ಬೆಲೆಯೇನೂ ಇಲ್ಲ. ಯಾವ ವಿಶೇಷ ಭಾವವೂ ಇಲ್ಲದೆ ಹೊತ್ತಿಗೆ ಸರಿಯಾಗಿ ತಿಂದವನು ಆಜ್ಞೆಯನ್ನು ಪಾಲಿಸಿದ್ದಾನೆ. ಅಧ್ಯಯನ ಮಾಡುವಾಗ ದೇವರ ಧ್ಯಾನಕ್ಕಾಗಿ ಪುಸ್ತಕದಿಂದ ಕಣ್ಣೆತ್ತಬೇಕಿಲ್ಲ, ತೋರಾವನ್ನು ಅರ್ಥಮಾಡಿಕೊಳ್ಳುವ ಶ್ರಮವೇ ದೆವೇಕುತ್ ಎಂಬುದು ಅವರ ಸಿದ್ಧಾಂತ. ಅವರು ಸ್ಥಾಪಿಸಿದ ವೊಲೊಜಿನ್ ಯೆಶಿವಾ ಲಿಥುವೇನಿಯಾ ಶೈಲಿಯ ಧರ್ಮಶಾಲೆಗಳಿಗೆ ಮಾದರಿಯಾಯಿತು.

ಸ್ತ್ರೀಯರ ಪಾಲು

ಅಧ್ಯಯನವೇ ಸಾಮೀಪ್ಯವೆಂದಾದರೆ, ಶತಮಾನಗಳ ಕಾಲ ಯೆಶಿವಾದ ಬಾಗಿಲು ತೆರೆಯದ ಸ್ತ್ರೀಯರ ಗತಿಯೇನು? ನಿಗದಿತ ಕಾಲಕ್ಕೆ ಕಟ್ಟುಬಿದ್ದ ಹಲವು ವಿಧಿಗಳಿಂದ ಮಿಶ್ನಾ ಸ್ತ್ರೀಯರಿಗೆ ವಿನಾಯಿತಿ ನೀಡುತ್ತದೆ. ವಿನಾಯಿತಿಯು ರೂಢಿಯಲ್ಲಿ ಹೊರಗಿಡುವಿಕೆಯೂ ಆಯಿತು. ಸಬ್ಬತ್ತಿನ ದೀಪ ಹಚ್ಚುವುದು, ರೊಟ್ಟಿಯ ಹಿಟ್ಟಿನಿಂದ ಒಂದು ಪಾಲನ್ನು ಬೇರ್ಪಡಿಸುವುದು, ಋತುಕಾಲದ ನಿಯಮಗಳನ್ನು ಪಾಲಿಸುವುದು, ಈ ಮೂರು ಅವರ ವಿಶೇಷ ಕರ್ತವ್ಯಗಳೆನಿಸಿದವು. ಪೂರ್ವ ಮತ್ತು ಮಧ್ಯ ಯುರೋಪಿನಲ್ಲಿ ಇವುಗಳ ಸುತ್ತ 'ತ್ಖಿನೆಸ್' ಎಂಬ ಯಿದ್ದಿಶ್ ಪ್ರಾರ್ಥನಾಸಾಹಿತ್ಯ ಬೆಳೆಯಿತು. ಹೆರಿಗೆಯ ಭಯ, ಮಗುವಿನ ಜ್ವರ, ಪ್ರಯಾಣದಲ್ಲಿರುವ ಗಂಡ, ಒಲೆಯಲ್ಲಿ ಬೇಯುತ್ತಿರುವ ರೊಟ್ಟಿ ಇವೇ ಅದರ ವಸ್ತು. ಹಲವನ್ನು ಪುರುಷರೇ ಬರೆದರಾದರೂ ಸಾರಾ ಬಸ್ ತೊವಿಮ್ ಅವರಂಥ ಲೇಖಕಿಯರ ಹೆಸರೂ ಉಳಿದಿದೆ. ವಿದ್ವಾಂಸರು ಇವನ್ನು ಬಹುಕಾಲ ಅಡುಗೆಮನೆಯ ಭಕ್ತಿಯೆಂದು ಕಡೆಗಣಿಸಿದ್ದರು. ದೈನಂದಿನ ಬದುಕಿನಲ್ಲಿ ದೇವಸಾಮೀಪ್ಯವೆಂಬ ಮಾತಿಗೆ ಇದಕ್ಕಿಂತ ನೇರವಾದ ದಾಖಲೆ ಬೇರೆ ಸಿಗುವುದು ಕಷ್ಟ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಜೂಡಿತ್ ಪ್ಲಾಸ್ಕೋ, ಮಾರ್ಸಿಯಾ ಫಾಕ್ ಮೊದಲಾದವರು ದೇವರನ್ನು ಕುರಿತ ಪುಲ್ಲಿಂಗದ ಭಾಷೆಯನ್ನೇ ಪ್ರಶ್ನಿಸಿದರು. ಫಾಕ್ 1996ರಲ್ಲಿ ಹೊಸ ಬೆರಾಖಾಗಳ ಗ್ರಂಥವನ್ನೇ ಪ್ರಕಟಿಸಿದರು.

ದೇವರು ಮರೆಯಾದಾಗ

ಸಾಮೀಪ್ಯವನ್ನು ಹೇಳುವ ಬೈಬಲೇ ದೇವರು ಮುಖ ಮರೆಮಾಡಿಕೊಳ್ಳುವ ಕಾಲವನ್ನೂ ಹೇಳುತ್ತದೆ. ಇದರ ಅತ್ಯಂತ ತೀವ್ರ ಸಾಕ್ಷ್ಯ ಪಿಯಾಸೆಚ್ನೋದ ಹಸೀದಿ ಗುರು ಕಲೊನಿಮುಸ್ ಕಲ್ಮಾನ್ ಶಪಿರಾ (1889–1943) ಅವರ ವಾರ್ಸಾ ಘೆಟ್ಟೋ ಪ್ರವಚನಗಳು. ಯುದ್ಧಕ್ಕೆ ಮೊದಲು ಅವರು ಮಕ್ಕಳಿಗೆ ಮತ್ತು ಯುವಕರಿಗೆ ದೇವರ ಸನ್ನಿಧಿಯನ್ನು ದಿನನಿತ್ಯ ಅನುಭವಿಸುವ ಬಗೆಯನ್ನು ಕಲಿಸುತ್ತಿದ್ದ ಶಿಕ್ಷಕರು. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬ್ ದಾಳಿಯಲ್ಲಿ ಅವರ ಏಕೈಕ ಪುತ್ರ ತೀರಿಕೊಂಡ. ಆ ನಂತರ 1942ರವರೆಗೆ ಅವರು ನೀಡಿದ ಪ್ರವಚನಗಳಲ್ಲಿ ಸಮಾಧಾನದ ಮಾತು ಕ್ರಮೇಣ ಕ್ಷೀಣಿಸುತ್ತದೆ. ದೇವರು ಒಳಕೋಣೆಯೊಂದರಲ್ಲಿ ತನ್ನ ಜನರಿಗಾಗಿ ಅಳುತ್ತಿದ್ದಾನೆಂಬ ತಾಲ್ಮುಡ್‌ನ ಕಲ್ಪನೆಯನ್ನು ಅವರು ಮತ್ತೆ ಎತ್ತಿಕೊಂಡು, ನೋವಿನಲ್ಲಿಯೂ ಅಧ್ಯಯನ ಬಿಡದವನು ಆ ಒಳಕೋಣೆಯನ್ನು ಹೊಕ್ಕು ದೇವರ ಜೊತೆಯಲ್ಲಿ ಅಳುತ್ತಾನೆಂದು ಬೋಧಿಸಿದರು. ಸಾಮೀಪ್ಯದ ಅರ್ಥ ಇಲ್ಲಿ ತಲೆಕೆಳಗಾಗಿದೆ: ದೇವರು ರಕ್ಷಿಸುವವನಾಗಿ ಉಳಿದಿಲ್ಲ, ಅಳುವಿನಲ್ಲಿ ಪಾಲುದಾರನಾಗಿದ್ದಾನೆ. ಘೆಟ್ಟೋದ ರಹಸ್ಯ ದಾಖಲೆಗಳೊಂದಿಗೆ ಹೂತಿಡಲಾಗಿದ್ದ ಈ ಹಸ್ತಪ್ರತಿ 1950ರಲ್ಲಿ ದೊರೆತು, 1960ರಲ್ಲಿ 'ಏಶ್ ಕೋದೆಶ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಶಪಿರಾ 1943ರಲ್ಲಿ ನಾಜಿಗಳಿಂದ ಹತರಾದರು.

ಆಧುನಿಕ ಚಿಂತನೆ

ಹಸೀದಿ ಕಥೆಗಳನ್ನು ಜಗತ್ತಿಗೆ ಪರಿಚಯಿಸಿದ ಮಾರ್ಟಿನ್ ಬೂಬರ್ (1878–1965), ಹಸೀದಿ ಪಂಥದ ಸಾರವು ಇಹದ ಬದುಕನ್ನೇ ಪವಿತ್ರಗೊಳಿಸುವುದೆಂದು ಪ್ರತಿಪಾದಿಸಿದರು. ಶೋಲೆಮ್ ಇದನ್ನು ಬಲವಾಗಿ ಅಲ್ಲಗಳೆದರು. ಕಿಡಿಯನ್ನು ಮೇಲೆತ್ತುವುದೆಂದರೆ ವಸ್ತುವಿನ ಸಿಪ್ಪೆಯನ್ನು ಬಿಟ್ಟು ಮೇಲೇರುವುದು, ವಸ್ತುವಿನಲ್ಲಿಯೇ ನೆಲಸುವುದಲ್ಲ ಎಂಬುದು ಅವರ ವಾದ. ಬೂಬರ್ ಕಥೆಗಳನ್ನು ನೆಚ್ಚಿದರು, ಶೋಲೆಮ್ ತಾತ್ತ್ವಿಕ ಗ್ರಂಥಗಳನ್ನು. ಈ ಭಿನ್ನಮತ ಇಂದಿಗೂ ಮುಗಿದಿಲ್ಲ. ಹಸೀದಿ ಮನೆತನದಲ್ಲಿ ಹುಟ್ಟಿದ ಅಬ್ರಹಾಂ ಜೋಶುವಾ ಹೆಶೆಲ್ (1907–1972) ಅಮೆರಿಕದಲ್ಲಿ ಸಬ್ಬತ್ ಮತ್ತು ಪ್ರಾರ್ಥನೆಯ ಬಗ್ಗೆ ಬರೆಯುತ್ತಲೇ, 1965ರಲ್ಲಿ ಸೆಲ್ಮಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದರು. ಆ ನಡಿಗೆಯೇ ತಮಗೆ ಪ್ರಾರ್ಥನೆಯಾಗಿತ್ತೆಂದು ನಂತರ ಹೇಳಿಕೊಂಡರು. ಯೆರೂಸಲೇಮಿನ ವಿಜ್ಞಾನಿ ಹಾಗೂ ಚಿಂತಕ ಯೆಶಯಾಹು ಲೈಬೊವಿಟ್ಸ್ (1903–1994) ಮತ್ತೊಂದು ತುದಿಯಲ್ಲಿ ನಿಂತರು. ಅನುಭವ, ಸಾಂತ್ವನ, ಸಾಮೀಪ್ಯ ಇವನ್ನೆಲ್ಲ ಬಯಸಿ ಪ್ರಾರ್ಥಿಸುವವನು ದೇವರನ್ನಲ್ಲ, ತನ್ನನ್ನೇ ಸೇವಿಸುತ್ತಾನೆ. ಬೆಳಿಗ್ಗೆ ಎದ್ದು ಬೇಸರದಲ್ಲಿಯೂ ಕರ್ತವ್ಯ ಮಾಡುವವನೇ ನಿಜವಾದ ಉಪಾಸಕ ಎಂದು ಅವರು ನಿಷ್ಠುರವಾಗಿ ಹೇಳುತ್ತಿದ್ದರು.

ಭಾರತದ ಸಂಬಂಧ

ಹನ್ನೆರಡನೆಯ ಶತಮಾನದಲ್ಲಿ ಇಂದಿನ ಟುನೀಶಿಯಾದ ಮಹ್ದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು 1130ರ ದಶಕದಿಂದ 1149ರವರೆಗಿನ ಅವಧಿಯ ಬಹುಭಾಗವನ್ನು ಮಂಗಳೂರಿನಲ್ಲಿ ಕಳೆದನು. ಕಂಚಿನ ಸಾಮಾನುಗಳ ಕಾರ್ಯಾಗಾರ ನಡೆಸುತ್ತ, ಅಡಿಕೆ, ಮೆಣಸು, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ ಈತನ ವಿಷಯ ನಮಗೆ ತಿಳಿದಿರುವುದೇ ಯೆಹೂದಿ ದಿನಚರಿಯ ಒಂದು ಪದ್ಧತಿಯಿಂದ. ದೇವರ ಹೆಸರಿರುವ ಬರಹವನ್ನು ಎಸೆಯುವಂತಿಲ್ಲ. ಹಳೆಯ ಕಾಗದಗಳನ್ನು ಗೆನಿಜಾ ಎಂಬ ಕೋಣೆಯಲ್ಲಿ ಕೂಡಿಡಬೇಕು. ಕೈರೋದ ಸಿನಗಾಗ್ ಒಂದರ ಗೆನಿಜಾದಲ್ಲಿ ಉಳಿದ ಈತನ ಪತ್ರಗಳಲ್ಲಿ ಸರಕಿನ ಲೆಕ್ಕಗಳಿವೆ. ಅದೇ ಕೈಬರಹದಲ್ಲಿ ಹೀಬ್ರೂ ಧಾರ್ಮಿಕ ಪದ್ಯಗಳೂ ದೊರೆತಿವೆ. ಎಸ್. ಡಿ. ಗೊಯ್ಟೈನ್ ಈ ಪತ್ರಗಳನ್ನು ಅಧ್ಯಯನ ಮಾಡಿದರು. ಅಮಿತಾವ್ ಘೋಷ್ ಅವರ 1992ರ ಕೃತಿಯು ಬೆನ್ ಯಿಜುವಿನ ಹಾಗೂ ಅವನ ಸೇವಕ ಬೊಮ್ಮನ ಕಥೆಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿತು.

ಕೊಂಕಣ ತೀರದ ಬೆನೆ ಇಸ್ರಾಯೇಲ್ ಸಮುದಾಯದವರು ಎಣ್ಣೆಗಾಣದ ವೃತ್ತಿಯವರಾಗಿದ್ದು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆಯುತ್ತಿದ್ದರು. ಗ್ರಂಥಗಳೂ ರಬ್ಬಿಗಳೂ ಇಲ್ಲದ ದೀರ್ಘಕಾಲದಲ್ಲಿ ಅವರನ್ನು ಯೆಹೂದಿಗಳಾಗಿ ಉಳಿಸಿದವುಗಳಲ್ಲಿ ಈ ವಾರದ ಬಿಡುವು, ಶೆಮಾದ ಪಠಣ ಮತ್ತು ಆಹಾರದ ನಿಯಮಗಳು ಮುಖ್ಯವಾದವು. ಪ್ರವಾದಿ ಎಲೀಯನು ಅಲಿಬಾಗ್ ಬಳಿಯ ಖಂಡಾಳಾದಲ್ಲಿ ಕಾಣಿಸಿಕೊಂಡು ಹ��ದನೆಂಬ ನಂಬಿಕೆ ಅವರಲ್ಲಿದೆ. ಹರಕೆ ತೀರಿದಾಗ, ಮದುವೆ ಅಥವಾ ಗೃಹಪ್ರವೇಶದ ಸಂದರ್ಭದಲ್ಲಿ ಅವನ ಹೆಸರಿನಲ್ಲಿ ಮಲಿದಾ ಎಂಬ ವಿಧಿ ನಡೆಯುತ್ತದೆ. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣುಗಳನ್ನು ಬೆರೆಸಿ, ತಟ್ಟೆಯ ಸುತ್ತ ಹಣ್ಣುಗಳನ್ನು ಜೋಡಿಸಿ, ಮರದ ಹಣ್ಣಿಗೆ ಮರದ್ದು, ಬಾಳೆಹಣ್ಣಿಗೆ ನೆಲದ್ದು ಎಂದು ಆಯಾ ಬೆರಾಖಾಗಳನ್ನು ಹೇಳಿ ಎಲ್ಲರಿಗೂ ಹಂಚುತ್ತಾರೆ. ಸಮುದಾಯದ ಬಹುಪಾಲು ಜನ 1948ರ ನಂತರ ಇಸ್ರೇಲಿಗೆ ವಲಸೆ ಹೋಗಿದ್ದು, ಅಲ್ಲಿಯೂ ಮಲಿದಾವನ್ನು ಅವಲಕ್ಕಿಯಿಂದಲೇ ಮಾಡುತ್ತಾರೆ.